ಹೊಳೆಮ್ಮ ಹೆಬ್ಬೆಟ್ಟು ಒತ್ತುವುದಿಲ್ಲ

"ಮೂರು ಸಹಿ, ಒಂದು ಹೆಬ್ಬೆಟ್ಟು," ಎಂದಳು ಸಬ್ ಇನ್ಸ್‌ಪೆಕ್ಟರ್ ರೇಣುಕಾದೇವಿ.

ಪ್ಲಾಸ್ಟಿಕ್ ಹಾಳೆಯೊಳಗಿದ್ದ ಕಾಗದವನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಹೊಸಪೇಟೆಯ ಆ ಕಾಲೇಜಿನ ಮೊದಲ ಮಹಡಿಯ ಕೋಣೆ ನಾಲ್ಕು ದಿನದಿಂದ ಚುನಾವಣಾಧಿಕಾರಿಯ ಕಚೇರಿಯಾಗಿತ್ತು. ಕರಿಹಲಗೆಯ ಮೇಲೆ ಯಾರೋ ಅರ್ಧಕ್ಕೆ ಬಿಟ್ಟ ತ್ರಿಕೋನದ ಲೆಕ್ಕ ಇನ್ನೂ ಹಾಗೇ ಇತ್ತು.

"ಅದರಲ್ಲೇನು ವಿಶೇಷ?" ಚುನಾವಣಾಧಿಕಾರಿ ವಿಜಯಲಕ್ಷ್ಮೀ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನಾಲ್ವರು ಏಜೆಂಟರಲ್ಲಿ ಒಬ್ಬಾಕೆ ಕೂಲಿ ಹೆಂಗಸು. ಹೆಬ್ಬೆಟ್ಟು ಒತ್ತಿದ್ದಾಳೆ."

"ಇರಬಹುದು ಮೇಡಂ. ಆದರೆ ಈ ಕಾಗದದಲ್ಲಿರೋ ಹೆಸರುಗಳಲ್ಲಿ ನಾವು ಇನ್ನೂ ಕೇಳದೆ ಉಳಿದಿರೋದು ಆಕೆ ಒಬ್ಬಳನ್ನೇ."

ವಿಜಯಲಕ್ಷ್ಮೀ ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂವರೆ.

"ಐದು ಗಂಟೆಗೆ ನಾನು ಫಲಿತಾಂಶ ಹೇಳಲೇಬೇಕು. ನಿಮ್ಮ ವರದಿ ಬಂದರೆ ಅದನ್ನು ಓದಿ ಹೇಳುತ್ತೇನೆ. ಬರದಿದ್ದರೆ ಈ ಕಾಗದವನ್ನೇ ನಂಬಿ ಹೇಳುತ್ತೇನೆ. ನನಗೆ ಬೇರೆ ದಾರಿ ಇಲ್ಲ."

ರಾಜ್ಯದ ಗಾದಿ ಅವತ್ತು ಆ ಒಂದು ಕಾಗದದ ಮೇಲೆ ಕುಳಿತಿತ್ತು.

ಒಂದು ಕಡೆ ಅಭ್ಯರ್ಥಿ ತೀರಿಕೊಂಡು ಮತದಾನ ಮುಂದಕ್ಕೆ ಹೋಗಿದ್ದರಿಂದ ವಿಧಾನಸಭೆಯ ಇನ್ನೂರಿಪ್ಪತ್ತಮೂರು ಸ್ಥಾನಗಳಿಗಷ್ಟೇ ಚುನಾವಣೆ ನಡೆದಿತ್ತು. ತಕ್ಕಡಿ ಗುರುತಿನವರು ನೂರಾ ಹನ್ನೊಂದು ಗೆದ್ದಿದ್ದರು. ಗುದ್ದಲಿ ಗುರುತಿನವರೂ ನೂರಾ ಹನ್ನೊಂದು. ಉಳಿದದ್ದು ಹೊಳೆಸಾಲು ಕ್ಷೇತ್ರ ಒಂದೇ. ಅದನ್ನು ಗೆದ್ದವರಿಗೆ ಸರ್ಕಾರ.

ಆ ಕ್ಷೇತ್ರವೂ ಬಂದು ನಿಂತದ್ದು ಒಂದು ಮತಗಟ್ಟೆಯ ಮೇಲೆ. ಬುಕ್ಕಸಾಗರದಾಚೆಯ ಹಳೇ ಕ್ಯಾಂಪು.

ಮತದಾನದ ದಿನ ಬೆಳಿಗ್ಗೆ ಏಜೆಂಟರ ಎದುರು ಐವತ್ತು ಅಣಕು ಮತ ಒತ್ತಿಸಿ, ಯಂತ್ರ ಸರಿಯಿದೆಯೆಂದು ತೋರಿಸಿ, ಆಮೇಲೆ ಅವನ್ನು ಅಳಿಸಬೇಕು. ಮತಗಟ್ಟೆಯ ಅಧಿಕಾರಿಯಾಗಿದ್ದ ವಾದಿರಾಜ ಮೇಷ್ಟ್ರು ಅಳಿಸಲು ಮರೆತರು. ಪೆಟ್ಟಿಗೆಯಲ್ಲಿ ಬಿದ್ದ ಅಣಕು ಚೀಟಿ ತೆಗೆಯುವುದನ್ನೂ ಮರೆತರು. ಸಂಜೆ ತಪ್ಪು ಕಂಡಾಗ ತಾವೇ ಬರೆದುಕೊಟ್ಟು ಅಮಾನತಾದರು. ಅಸಲು ಮತದೊಳಗೆ ಬೆರೆತ ಆ ಐವತ್ತನ್ನು ಕಳೆಯಲು ಈಗ ಆಧಾರ ಒಂದೇ: ಯಾವ ಗುರುತಿಗೆ ಎಷ್ಟು ಅಣಕು ಮತ ಒತ್ತಿದರೆಂದು ಬರೆದು ಏಜೆಂಟರು ಸಹಿ ಹಾಕಿದ ಪ್ರಮಾಣಪತ್ರ.

"ನೋಟಾ ಸೇರಿ ಐದು ಗುಂಡಿಗೂ ತಲಾ ಹತ್ತು," ಎನ್ನುತ್ತಿದ್ದರು ಮೇಷ್ಟ್ರು. ಹಾಗೆ ಕಳೆದರೆ ಗುದ್ದಲಿ ಒಂಬತ್ತು ಮತದಿಂದ ಗೆಲ್ಲುತ್ತದೆ.

ಇವತ್ತು ಬೆಳಿಗ್ಗೆ ಲಕೋಟೆ ಒಡೆದಾಗ ಸಿಕ್ಕ ಕಾಗದ ಹೇಳಿದ್ದು ಬೇರೆ. ಗುದ್ದಲಿಗೆ ಇಪ್ಪತ್ತೈದು, ತಕ್ಕಡಿಗೆ ಹತ್ತು, ಉಳಿದ ಮೂರಕ್ಕೆ ಐದೈದು. ಹೀಗೆ ಕಳೆದರೆ ತಕ್ಕಡಿ ಆರು ಮತದಿಂದ ಗೆಲ್ಲುತ್ತದೆ.

ಮೂವರು ಏಜೆಂಟರು ಸಹಿ ತಮ್ಮದೇ ಎಂದು ಒಪ್ಪಿಕೊಂಡಿದ್ದರು. ಗುದ್ದಲಿಯ ಏಜೆಂಟನೂ ಒಪ್ಪಿಕೊಂಡಿದ್ದ. ಒಪ್ಪಿದ ಒಂದು ತಾಸಿಗೆ ಅವನ ಫೋನು ಬಂದ್ ಆಗಿತ್ತು, ಮನೆಗೆ ಬೀಗ ಬಿದ್ದಿತ್ತು.

ರೇಣುಕಾದೇವಿಗೆ ಕುತ್ತಿಗೆಗೆ ಬಂದ ಸಂಗತಿ ಇನ್ನೊಂದಿತ್ತು. ನಿನ್ನೆ ಮಧ್ಯಾಹ್ನ ಉಳಿದ ಎಣಿಕೆ ಮುಗಿದು ಅಂತರ ಬಯಲಾದ ಹೊತ್ತಿನಿಂದ ಇವತ್ತು ಬೆಳಗಿನವರೆಗೆ ಆ ಲಕೋಟೆ ಇದ್ದ ಕೋಣೆಯ ಕಾವಲು ಅವಳದೇ. ಬೀಗ ಸರಿಯಿತ್ತು. ಅರಗಿನ ಮುದ್ರೆ ಸರಿಯಿತ್ತು. ಒಳಗಿನ ಕಾಗದ ಮಾತ್ರ ಬದಲಾಗಿತ್ತೆ?

ಅವಳು ಭೂತಗನ್ನಡಿಯನ್ನು ಮತ್ತೊಮ್ಮೆ ಹೆಬ್ಬೆಟ್ಟಿನ ಮೇಲೆ ಹಿಡಿದಳು. ನೇರಳೆ ಮಸಿ. ಬೆರಳಿನ ಸುಳಿಗಳ ನಡುವೆ ಓರೆಯಾಗಿ ಹಾದುಹೋದ ಒಂದು ಬಿಳಿ ಗೆರೆ. ಅದರ ಬುಡದಲ್ಲಿ ಇನ್ನೊಂದು ಚಿಕ್ಕದು. ಹಳೆಯ ಗಾಯ. ದುಡಿಯುವ ಕೈಗೆ ಇಂಥವು ನೂರೆಂಟು.

ಆದರೂ ಎಲ್ಲೋ ಕಂಡಂತಿತ್ತು. ಎಲ್ಲಿ ಎಂದು ಹೊಳೆಯಲಿಲ್ಲ.

"ಪಕ್ಕೀರಪ್ಪಾರ, ಜೀಪ್ ತೆಗೀರಿ," ಎಂದಳು.

*

ಹೆಡ್ ಕಾನ್‌ಸ್ಟೆಬಲ್ ಪಕ್ಕೀರಪ್ಪನಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಸ್ಟೀರಿಂಗ್ ಹಿಡಿದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಎಂಟು ಎಲೆಕ್ಷನ್ ನೋಡೀನ್ರಿ ಮೇಡಂ ನನ್ನ ಸರ್ವೀಸಿನಾಗ. ಒಂದು ಹೆಬ್ಬೆಟ್ಟಿನ ಸಲುವಾಗಿ ಇಷ್ಟು ಡೀಸೆಲ್ ಸುಟ್ಟಿದ್ದು ಇದ ಮೊದಲು."

ಗೇಟಿನ ಹೊರಗೆ ಕಂಪ್ಲಿಯಿಂದ ಬಂದ ತಕ್ಕಡಿಯವರು ಪಟಾಕಿ ಸರ ಹಾಸಿ, ಬೆಂಕಿ ಮಾತ್ರ ಕೊಡದೆ ಕಾದಿದ್ದರು. ಎದುರಿನ ಬೇವಿನ ಮರದಡಿ ಗುದ್ದಲಿಯವರು. ನಡುವೆ ಟಿವಿಯವರ ವ್ಯಾನುಗಳು. ಕಮಲಾಪುರದಲ್ಲಿ ಹಂಪಿಗೆ ಹೊರಟ ಪ್ರವಾಸಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡು ಹತ್ತು ನಿಮಿಷ ಹೋಯಿತು. ಮುಂದೆ ಬಾಳೆತೋಟಗಳ ಹಸಿರು ಶುರುವಾದ ಮೇಲೆ ಗಾಳಿ ತುಸು ತಣ್ಣಗಾಯಿತು.

ಹಳೇ ಕ್ಯಾಂಪಿನ ಕಾಲುವೆ ಏರಿಯ ಮೇಲೆ ಹತ್ತು ಹನ್ನೆರಡು ಹೆಂಗಸರು ಬಾಳೆಗೊನೆ ಹೊತ್ತು ತಂದು ಟ್ರ್ಯಾಕ್ಟರಿಗೆ ತುಂಬುತ್ತಿದ್ದರು. ಜೀಪು ಕಂಡ ಕೂಡಲೇ ಒಬ್ಬಳು ಕೂಗಿದಳು:

"ಹೊಳೆಮ್ಮಕ್ಕ, ಪೊಲೀಸ್ರು ಬಂದ್ರು ನೋಡು. ಹಾಕಿದ ಓಟು ವಾಪಸ್ ಕೇಳಾಕ ಬಂದಾರೇನೋ."

"ಕೇಳ್ಲಿ ತಗೋ. ರಶೀದಿ ತಂದಾರೇನು ಕೇಳು," ಎನ್ನುತ್ತ ಗೊನೆ ಇಳಿಸಿದವಳೇ ಹೊಳೆಮ್ಮ. ಐವತ್ತರ ಆಸುಪಾಸು. ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು, ಅದರಲ್ಲೇ ಮುಖ ಒರೆಸಿಕೊಂಡು ಬಂದಳು. "ಬರ್ರಿ ಮೇಡಂ. ಇಲ್ಲೇ ಕುಂದ್ರಿ, ಬದು ತಣ್ಣಗೈತಿ."

ರೇಣುಕಾದೇವಿ ಬದುವಿನ ಮೇಲೆ ಕುಳಿತು ಫೋನಿನಲ್ಲಿದ್ದ ಕಾಗದದ ಚಿತ್ರ ತೆರೆದಳು. ಓದಿ ಹೇಳಬೇಕೆಂದು ಗಂಟಲು ಸರಿ ಮಾಡಿಕೊಂಡಳು.

ಹೊಳೆಮ್ಮ ಫೋನನ್ನೇ ಇಸಿದುಕೊಂಡಳು.

"ಅಣಕು... ಮತದಾನದ... ಪ್ರಮಾಣಪತ್ರ." ಬೆರಳು ಸಾಲಿನ ಕೆಳಗೆ ನಿಧಾನ ಸರಿಯಿತು. "ಮತಗಟ್ಟೆ... ಹಳೇ ಕ್ಯಾಂಪು. ಹೂಂ, ನಮ್ದ."

ಪಕ್ಕೀರಪ್ಪ ಬಾಯಿಗೆ ಹಾಕಬೇಕೆಂದಿದ್ದ ಎಲೆಯಡಿಕೆಯನ್ನು ಕೈಯಲ್ಲೇ ಹಿಡಿದು ನಿಂತ.

ಬೆರಳು ಕೆಳಕ್ಕೆ ಬಂತು. ತನ್ನ ಹೆಸರಿನ ಮುಂದೆ ನಿಂತಿತು.

"ಇದು ಯಾರ್ದ್ರಿ?"

"ನಿಮ್ದು ಅಂತ ಐತಲ್ಲ."

"ಹೆಸರು ನಂದೈತಿ. ಕೈ ನಂದಲ್ಲ." ಅವಳು ಫೋನು ಹಿಂದಕ್ಕೆ ಕೊಟ್ಟಳು, ಕೊಳೆಯಾದದ್ದನ್ನು ಕೊಡುವ ಹಾಗೆ. "ನಾ ಹೆಬ್ಬೆಟ್ಟು ಒತ್ತೋದು ಬಿಟ್ಟು ಮೂರು ವರ್ಷ ಆತ್ರಿ ಮೇಡಂ."

ಅವಳ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತಿದ್ದರು.

"ಒಂದು ಕಚೇರ್ಯಾಗ ಪಿಂಚಣಿ ಕಾಗದಕ್ಕ ಹೋಗಿದ್ದೆ. ಅಲ್ಲಿದ್ದಂವ ನನ್ನ ಮುಖಾನೂ ನೋಡಲಿಲ್ಲ. ಬೆರಳು ಹಿಡಿದು ಎಳಕೊಂಡ, ಮಸಿಗೆ ಅದ್ದಿದ, ಒತ್ತಿದ, ಬಿಸಾಕಿದ. ಎಮ್ಮಿಗೆ ಬರಿ ಹಾಕ್ತಾರ ನೋಡ್ರಿ, ಹಂಗ. ಹಾದಿ ತುಂಬ ಆ ಮಸಿ ತಿಕ್ಕಿದೆ. ಹೋಗಲಿಲ್ಲ. ಅವತ್ತ ಅಂಗನವಾಡಿ ಶೈಲಶ್ರೀ ಟೀಚರ್ ಮನಿಗೆ ಹೋಗಿ ಕುಂತೆ. ನನ್ನ ಹೆಸರು ಬರಿಯಾಕ ಕಲಿಸು, ಇಲ್ಲಂದ್ರ ಏಳಂಗಿಲ್ಲ ಅಂದೆ."

"ಆಮೇಲೆ ನಾವೆಲ್ಲ ಹೋಗಿ ಕುಂತ್ವಿ," ಎಂದಿತು ಹಿಂದಿನ ದನಿಯೊಂದು.

"ಈಗ ಹನ್ನೊಂದು ಮಂದಿ ಅದೀವಿ. ಸೋಮವಾರ, ಗುರುವಾರ ಕೂಡ್ತೀವಿ. ಪೇಪರ್ ಓದ್ತೀವಿ. ಓದಿ ಬೈತೀವಿ."

"ಯಾರಿಗೆ ಬೈತೀರಿ?" ಪಕ್ಕೀರಪ್ಪನಿಗೆ ತಡೆಯಲಾಗಲಿಲ್ಲ.

"ಅವತ್ತು ಯಾರ ಫೋಟೋ ದೊಡ್ಡದು ಬಂದಿರ್ತದೋ ಅವ್ರಿಗೆ."

ಹೆಂಗಸರು ನಕ್ಕರು. ರೇಣುಕಾದೇವಿಯೂ ನಕ್ಕಳು. ಆ ನಗು ಮುಗಿಯುವ ಮೊದಲೇ ಕೇಳಿದಳು: "ಆ ದಿನ ಅಣಕು ಓಟು ಹೆಂಗ ಒತ್ತಿದ್ರಿ?"

"ಹತ್ತಹತ್ತು. ನಾನೂ ಒತ್ತೀನಿ. ಮೇಷ್ಟ್ರು ಒಂದೊಂದು ಗುಂಡಿಗೂ ಜೋರಾಗಿ ಎಣಿಸಾಕ ಹಚ್ಚಿದ್ರು, ಸಾಲಿ ಹುಡುಗ್ರಿಗೆ ಮಗ್ಗಿ ಹೇಳಿಸಿದಂಗ. ಕಾಗದದಾಗೂ ಐದು ಹತ್ತು ಬರೆದಿದ್ರು. ಓದೇ ಸಹಿ ಮಾಡೀನಿ. ಕೂಲಿಕಾರರ ಸಂಘದ ಅಭ್ಯರ್ಥಿ ಏಜೆಂಟ್ ರೀ ನಾನು. ಸಂಘದ ಮಾನ ಕೈಯಾಗ ಹಿಡಕೊಂಡು ಓದದೆ ಸಹಿ ಮಾಡಾಕ ಬರ್ತದೇನು?"

"ಆಮೇಲೆ ಯಾರಾದ್ರೂ ಬಂದಿದ್ರಾ ನಿಮ್ಮ ಹತ್ರ?"

"ನಿನ್ನೆ ಸಂಜಿಕ. ಬೈಕಿನ ಮ್ಯಾಲ ಇಬ್ಬರು. ಹಳೇ ಕಾಗದ ಹರಿದೈತಿ, ಹೊಸದಕ್ಕ ಒಂದು ಹೆಬ್ಬೆಟ್ಟು ಹಾಕಿಕೊಡು ಅಂದ್ರು. ಕೊಡ್ರಿ, ಓದ್ತೀನಿ ಅಂದೆ." ಹೊಳೆಮ್ಮನ ತುಟಿ ಓರೆಯಾಯಿತು. "ಚ್ಯಾಷ್ಟಿ ಮಾಡಾಕತ್ತೀನಿ ಅನ್ಕೊಂಡ್ರು ಅವ್ರು. ಬಿದ್ದು ಬಿದ್ದು ನಕ್ಕರು. ಒಬ್ಬಂವ ಅಂದ, ಬಿಡಲೇ, ಇಂಥಾ ಹೆಬ್ಬೆಟ್ಟು ಊರಿಗೆ ಸಾವಿರ ಸಿಗ್ತಾವ ಅಂತ."

ರೇಣುಕಾದೇವಿ ಬದುವಿನಿಂದ ಎದ್ದು ನಿಂತಳು.

ಅದೇ ಅವರು ಎಡವಿದ ಜಾಗ. ಮೂವರನ್ನು ಕೊಂಡರು. ನಾಲ್ಕನೆಯವಳು ಸಿಗಲಿಲ್ಲ. ಸಹಿ ನಕಲು ಮಾಡಲು ಅವರಿಗೆ ಎಷ್ಟು ಹೊತ್ತು? ಆದರೆ ಬಾಳೆಗೊನೆ ಹೊರುವ ಹೆಂಗಸಿಗೆ ಸಹಿ ಇರಬಹುದೆಂಬುದೇ ಅವರ ತಲೆಗೆ ಹೋಗಲಿಲ್ಲ. ಆಕೆ ಬಾಯಿಬಿಟ್ಟು ಹೇಳಿದಾಗಲೂ ಹೋಗಲಿಲ್ಲ. ನಗು ಬಂತು ಅವರಿಗೆ.

"ನಿಮ್ಮ ಹೆಬ್ಬೆಟ್ಟಿನ ಗುರುತು ಒಂದು ಬೇಕಾಗಿತ್ತು. ಹೋಲಿಸಿ ನೋಡಾಕ."

"ಅದೊಂದು ಕೇಳಬ್ಯಾಡ್ರಿ." ದನಿ ಏರಲಿಲ್ಲ, ಆದರೆ ಜಗ್ಗುವಂತಿರಲಿಲ್ಲ. "ಒತ್ತಂಗಿಲ್ಲ ಅಂತ ಇವ್ರೆಲ್ಲರ ಮುಂದ ಆಣಿ ಮಾಡೀನಿ. ನೋಡ್ರಿ ಬೇಕಾದ್ರ. ಎಷ್ಟೊತ್ತಾದ್ರೂ ನೋಡ್ರಿ."

ಅವಳು ಎರಡೂ ಹೆಬ್ಬೆರಳು ಮುಂದೆ ಹಿಡಿದಳು. ಬಾಳೆಯ ಸೊನೆಯಿಂದ ಕಪ್ಪಾಗಿದ್ದವು. ಭೂತಗನ್ನಡಿಯ ಕೆಳಗೆ ಸುಳಿಗಳು ಒಡೆಯದೆ ಸುತ್ತಿಕೊಂಡಿದ್ದವು. ಗಾಯವಿಲ್ಲ, ಬಿಳಿ ಗೆರೆಯಿಲ್ಲ. ರೇಣುಕಾದೇವಿ ಎರಡನ್ನೂ ಫೋಟೋ ತೆಗೆದುಕೊಂಡಳು.

"ಸಹಿ ಬರ್ತದ ಅಂತ ನೀವು ಇವತ್ತು ತೋರಿಸಬಹುದು ಹೊಳೆಮ್ಮ. ಆದ್ರ ಆ ಬೆಳಿಗ್ಗೆ ಸಹಿನೇ ಮಾಡಿದ್ರಿ ಅಂತ ಹೆಂಗ ತೋರಿಸೋದು?"

ಹೊಳೆಮ್ಮ ಸಿಂಬಿಯನ್ನು ಮತ್ತೆ ತಲೆಗೆ ಇಟ್ಟುಕೊಂಡಳು. ಇಷ್ಟು ಓದಿದ ಹುಡುಗಿಗೆ ಇದೂ ಗೊತ್ತಿಲ್ಲವೆ ಎಂಬಂತೆ ನೋಡಿದಳು.

"ಮಷಿನ್ನಿಗೆ ಹಸಿರು ಬಣ್ಣದ ಪಟ್ಟಿ ಅಂಟಿಸಿದ್ರಲ್ರಿ, ಕಾಗದದ್ದು. ಅದರ ಮ್ಯಾಲೂ ಮಾಡೀನಿ. ಹತ್ತು ನಿಮಿಷದ ಹಿಂದ ಮುಂದ."

ಜೀಪಿನ ಬಾಗಿಲು ತೆಗೆಯುವಾಗ ಹೊಳೆಮ್ಮ ಹಿಂದಿನಿಂದ ಕೇಳಿದಳು: "ಮೇಡಂ, ನಿಮ್ಮವ್ವಗ ಸಹಿ ಬರ್ತದೇನ್ರಿ?"

ರೇಣುಕಾದೇವಿ ತಿರುಗಿ ನೋಡಿದಳು. ಹತ್ತು ವರ್ಷದಿಂದ ಕಲಿಸುತ್ತೇನೆ, ಕಲಿಸುತ್ತೇನೆ ಎಂದು ಮುಂದೂಡಿದ್ದ ಕೆಲಸ ಅದು.

"ಇಲ್ಲ," ಎಂದಳು.

"ಕಳಿಸ್ರಿ ನಮ್ಮ ಕೂಟಕ್ಕ. ಚಾ ನಾವ ಕೊಡ್ತೀವಿ."

*

ಕಾಲೇಜಿನ ಮೆಟ್ಟಿಲ ಬಳಿ ವಾದಿರಾಜ ಮೇಷ್ಟ್ರು ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬೆಳಿಗ್ಗೆಯಿಂದ ಅಲ್ಲೇ. ಹಾದುಹೋಗುವವರು ಅವರನ್ನು ನೋಡಿ ಪಿಸುಗುಡುತ್ತಿದ್ದರು.

"ಒಂದು ಮಾತು ಮೇಷ್ಟ್ರೆ. ಮೂವತ್ತು ವರ್ಷದ ಸರ್ವೀಸು ನಿಮ್ಮದು. ಅಳಿಸೋ ಗುಂಡಿ ಹೇಗೆ ಮರೆತಿರಿ?"

ಮೇಷ್ಟ್ರು ಎದ್ದು ನಿಂತರು.

"ಏಳಕ್ಕೆ ಐದು ನಿಮಿಷ ಇತ್ತು. ಕಿಟಕಿಯಿಂದ ಹೊರಗೆ ನೋಡಿದೆ ನೋಡ್ರಿ. ಕ್ಯಾಂಪಿನ ಹೆಣ್ಣುಮಕ್ಕಳು, ನಲವತ್ತು ಐವತ್ತು ಮಂದಿ, ಕೂಲಿಗೆ ಹೋಗೋ ಮೊದಲು ಓಟು ಹಾಕಬೇಕಂತ ಸಾಲು ನಿಂತಿದ್ರು. ಕೈಯಾಗ ಬುತ್ತಿ, ತಲಿ ಸ್ನಾನ ಮಾಡಿ, ಹೂ ಮುಡಿದು. ಹಬ್ಬಕ್ಕ ಬಂದಂಗ. ಯಾರೂ ಅವ್ರನ್ನ ಕರಕೊಂಡು ಬಂದಿರಲಿಲ್ಲ, ಯಾರೂ ಗಾಡಿ ಕಳಿಸಿರಲಿಲ್ಲ. ನನಗ ಎದಿ ತುಂಬಿ ಬಂತು. ಇವ್ರನ್ನ ಒಂದು ನಿಮಿಷನೂ ಕಾಯಿಸಬಾರದು ಅನ್ನಿಸ್ತು. ಬಾಗಿಲು ತೆಗೆದೆ."

ಅವರು ಚೀಲ ಸರಿಪಡಿಸಿಕೊಂಡರು.

"ತಪ್ಪು ನಂದೇ. ಆ ಸಾಲಿಂದಲ್ಲ. ಅವರ ಓಟು ಮಣ್ಣುಪಾಲಾಗಬಾರದು, ಅಷ್ಟೇ."

ಮೂರೂಕಾಲಿಗೆ ಎಲ್ಲರೂ ಯಂತ್ರಗಳ ಕೋಣೆಯಲ್ಲಿ ಸೇರಿದರು. ವಿಡಿಯೊ ತೆಗೆಯುವವನು, ಇಬ್ಬರು ಗುಮಾಸ್ತರು, ಅಭ್ಯರ್ಥಿಗಳ ಕಡೆಯವರು. ತಕ್ಕಡಿಯ ಪರವಾಗಿ ನಿಂತವನು ಹಾಲೇಶ್. ಸಂಡೂರಿನ ಅದಿರು ಲಾರಿಗಳ ಗುತ್ತಿಗೆದಾರ. ಇಸ್ತ್ರಿ ಮುರಿಯದ ಬಿಳಿ ಅಂಗಿ. ಇಡೀ ಎಣಿಕೆಯಲ್ಲಿ ಅವನು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

ಹಳೇ ಕ್ಯಾಂಪಿನ ಯಂತ್ರ ಮೇಜಿನ ಮೇಲೆ ಬಂತು. ಫಲಿತಾಂಶದ ಗುಂಡಿ ಒತ್ತುವಾಗ ಹಸಿರು ಪಟ್ಟಿಯ ನಡುವೆ ತೂತು ಬಿದ್ದಿತ್ತು. ಅಂಚು ಹಾಗೇ ಇತ್ತು. ರೇಣುಕಾದೇವಿ ದೀಪ ಹಿಡಿದಳು.

ಮೂರು ಸಹಿಗಳು ಅವಸರದ ಗೀಚು. ನಾಲ್ಕನೆಯದು ಗೀಚಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ, ದುಂಡಗೆ, ಒತ್ತಿ ಬರೆದ ಹೆಸರು. ಮ ಅಕ್ಷರದ ಒತ್ತಿನ ಹತ್ತಿರ ಪೆನ್ನು ಒಂದು ಕ್ಷಣ ನಿಂತು ಶಾಯಿ ದಪ್ಪಗಾಗಿತ್ತು. ಆ ಹೆಸರು ಪಟ್ಟಿಯಲ್ಲಿ ಉಳಿದ ಮೂರು ಹೆಸರುಗಳಷ್ಟು ಜಾಗ ಹಿಡಿದಿತ್ತು.

ಹೊಳೆಮ್ಮ.

ರೇಣುಕಾದೇವಿ ಓದಿದಳು, ಕೋಣೆಗೆಲ್ಲ ಕೇಳುವಂತೆ. ಆ ಹೆಸರನ್ನು ಅಷ್ಟು ಜೋರಾಗಿ ಸರ್ಕಾರಿ ಕೋಣೆಯಲ್ಲಿ ಯಾರೂ ಯಾವತ್ತೂ ಓದಿರಲಿಕ್ಕಿಲ್ಲ.

"ಈ ಪಟ್ಟಿ ಅಂಟಿಸಿದ್ದು ಅಣಕು ಮತದಾನ ಮುಗಿದ ಹತ್ತು ನಿಮಿಷಕ್ಕೆ. ಹತ್ತು ನಿಮಿಷದ ಹಿಂದೆ ಹೆಬ್ಬೆಟ್ಟು ಒತ್ತಿದಾಕೆ ಹತ್ತು ನಿಮಿಷದಲ್ಲಿ ಅಕ್ಷರ ಕಲಿತಳೇ?"

ಹಾಲೇಶ್ ಮೆಲ್ಲಗೆ ಕೆಮ್ಮಿದ.

"ಮೇಡಮ್ನೋರ, ಒಂದು ಕಡೆ ಸಹಿ, ಒಂದು ಕಡೆ ಹೆಬ್ಬೆಟ್ಟು. ಹಂಗ ಮಾಡಬಾರದು ಅಂತ ಎಲ್ಲಿ ಬರೆದೈತಿ? ಗಡಿಬಿಡ್ಯಾಗ ಪೆನ್ನು ಸಿಕ್ಕಿರಲಿಕ್ಕಿಲ್ಲ ಪಾಪ."

"ಎಲ್ಲೂ ಬರೆದಿಲ್ಲ. ಆದರೆ ಎರಡೂ ಒಂದೇ ಕೈಯದಾಗಿರಬೇಕಲ್ಲ." ಅವಳು ಫೋನಿನ ಫೋಟೋವನ್ನು ಪ್ರಮಾಣಪತ್ರದ ಪಕ್ಕದಲ್ಲಿಟ್ಟಳು. "ಇದು ಹೊಳೆಮ್ಮನ ಬೆರಳು. ಗಾಯವಿಲ್ಲ. ಇದು ನಿಮ್ಮ ಕಾಗದದ ಬೆರಳು. ಅಡ್ಡ ಸೀಳಿದ ಗಾಯವಿದೆ."

"ನಮ್ಮ ಕಾಗದ ಅನಬ್ಯಾಡ್ರಿ. ಕಾವಲು ನಿಮ್ಮದಿತ್ತು."

"ಇತ್ತು. ಅದನ್ನೂ ಬರೀತೀನಿ."

"ಹಂಗಾದ್ರ ಬೆರಳು ಯಾರ್ದು?"

"ಅದನ್ನ ನೀವ ಹೇಳಬೇಕು ಹಾಲೇಶಪ್ಪಾರ. ನಿನ್ನೆ ಸಂಜಿಕ ಬೈಕ್ ಕಳಿಸಿದವ್ರಿಗೆ ಗೊತ್ತಿರ್ತದ."

ಚುನಾವಣಾಧಿಕಾರಿ ಗುಮಾಸ್ತರಿಗೆ ಏನೋ ಬರೆಸತೊಡಗಿದರು. ವಿಡಿಯೊದವನು ಕ್ಯಾಮೆರಾ ಅತ್ತ ತಿರುಗಿಸಿದ. ಹಾಲೇಶ್ ಒಂದು ಹೆಜ್ಜೆ ಹತ್ತಿರ ಬಂದ. ಅತ್ತರಿನ ವಾಸನೆ ಬಂತು. ದನಿ ಇನ್ನೂ ಮೆತ್ತಗಿತ್ತು.

"ನಮ್ಮ ಲಾರಿ ದಿನಾ ನಿಮ್ಮೂರು ವಡ್ಡು ಮ್ಯಾಲ ಹಾದು ಹೋಗ್ತಾವ್ರಿ. ನಿಮ್ಮ ಓಣಿ ನೋಡೀನಿ. ನೀವು ಓದಿದವ್ರು, ಕನ್ನಡಿ ಬ್ಯಾರೆ ಇಟ್ಟೀರಿ. ಚಲೋ ಮಾಡಿ ನೋಡ್ರಿ ಆ ಬೆರಳು. ಮನ್ಯಾಗಿನ ಕೈ ಮನಿಯವ್ರಿಗೇ ಗುರ್ತು ಹತ್ತಬೇಕು."

ಅವನು ಹೊರಗೆ ನಡೆದ. ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ವರದಿ ತಡ ಮಾಡಬ್ಯಾಡ್ರಿ ಮೇಡಮ್ನೋರ," ಎಂದ.

*

ತಮ್ಮ ಮನೆಯನ್ನು ಯಾರೂ ಇನ್ನೊಬ್ಬರ ಅಪರಾಧದಲ್ಲಿ ಹುಡುಕುವುದಿಲ್ಲ. ಅದಕ್ಕೇ ಬೆಳಿಗ್ಗೆ ಹೊಳೆದಿರಲಿಲ್ಲ.

ರೇಣುಕಾದೇವಿ ಖಾಲಿ ತರಗತಿಯೊಂದರಲ್ಲಿ ಬೆಂಚಿನ ಮೇಲೆ ಕಾಗದವಿಟ್ಟುಕೊಂಡು ಕುಳಿತಳು. ಭೂತಗನ್ನಡಿ ಬೇಕಾಗಲಿಲ್ಲ.

ಓರೆಯಾದ ಬಿಳಿ ಗೆರೆ. ಬುಡದಲ್ಲಿ ಇನ್ನೊಂದು ಚಿಕ್ಕದು.

ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಪ್ರತಿ ಪ್ರಗತಿಪತ್ರದಲ್ಲಿ, 'ಪಾಲಕರ ಸಹಿ' ಎಂಬಲ್ಲಿ ಅದೇ ಬೆರಳು ಇತ್ತು. ಅವ್ವ ಬಸಕ್ಕ ಸಂಡೂರಿನ ಗುಡ್ಡದಲ್ಲಿ ಕೈಯಿಂದ ಅದಿರು ಒಡೆಯುತ್ತಿದ್ದ ಕಾಲದಲ್ಲಿ ಸುತ್ತಿಗೆ ಜಾರಿ ಹೆಬ್ಬೆರಳು ಸೀಳಿತ್ತು. ಬಟ್ಟೆ ಸುತ್ತಿಕೊಂಡು ಸಂಜೆಯವರೆಗೆ ಒಡೆದು, ಮನೆಗೆ ಬಂದು, ಮಗಳ ಪ್ರಗತಿಪತ್ರಕ್ಕೆ ಆ ರಕ್ತದ ಬೆರಳನ್ನೇ ಒತ್ತಿದ್ದಳು. ಮಸಿ ಬೇಡ ಬಿಡು, ಇದೇ ಚಲೋ ಮೂಡ್ತದ ಎಂದು ನಕ್ಕಿದ್ದಳು. ಆ ಕೂಲಿಯಲ್ಲಿ ಬೆಳೆದ ಮಗಳು ಇವತ್ತು ಭುಜದ ಮೇಲೆ ಎರಡು ನಕ್ಷತ್ರ ಹೊತ್ತಿದ್ದಳು.

ಲೆಕ್ಕ ಈಗ ಕೂಡಿತು. ಕೋಣೆಯ ಕಾವಲು ರೇಣುಕಾದೇವಿಯದು. ಒಳಗೆ ಸಿಕ್ಕ ಸುಳ್ಳು ಕಾಗದದ ಮೇಲೆ ಅವಳ ತಾಯಿಯ ಹೆಬ್ಬೆಟ್ಟು. ಇದು ನಕಲಿ ಎಂದು ಅವಳು ಬರೆದರೆ, ಇಟ್ಟವರು ಯಾರು ಎಂದು ಕೇಳುವ ಮೊದಲ ಬೆರಳು ಅವಳ ಕಡೆಗೇ ತಿರುಗುತ್ತದೆ. ಸುಮ್ಮನಿದ್ದರೆ ತಕ್ಕಡಿಗೆ ಸರ್ಕಾರ.

ಪಕ್ಕೀರಪ್ಪ ಚಹಾ ತಂದಿಟ್ಟ. ಅವಳ ಮುಖ ನೋಡಿ, ಕಾಗದ ನೋಡಿ, ನಿಂತ. ಅವಳು ಹೇಳಿದಳು. ಮುಚ್ಚಿಡಲಿಲ್ಲ.

ಅವನು ಟೊಪ್ಪಿಗೆ ತೆಗೆದು ಬೆಂಚಿನ ಮೇಲಿಟ್ಟ.

"ಹೊಳೆಮ್ಮಂದಲ್ಲ ಅಂತ ಬರೀರಿ ಸಾಕು. ಯಾರ್ದು ಅಂತ ನಿಮ್ಮನ್ನ ಯಾರು ಕೇಳ್ಯಾರ? ಬೆರಳಚ್ಚು ಆಫೀಸಿನವ್ರು ಹುಡುಕ್ಲಿ. ವರ್ಷ ಹಿಡೀತದ. ಅಷ್ಟೊತ್ತಿಗೆ ಎಲ್ಲಾ ತಣ್ಣಗಾಗ್ತದ."

"ಅಲ್ಲೀತನಕ ಹಾಲೇಶ್ ಕೈಯಾಗ ನಾನು ಇರ್ತೀನಿ ಪಕ್ಕೀರಪ್ಪಾರ. ವರ್ಷಗಟ್ಟಲೆ. ಅದಕ್ಕ ಅವರು ನಮ್ಮವ್ವನ ಬೆರಳು ಹುಡುಕಿದ್ದು."

"ನೌಕರಿ ಹೋಗ್ತದ್ರಿ."

ಅವಳು ಪೆನ್ನು ತೆಗೆದಳು. ಬದುವಿನ ಮೇಲೆ ಹೆಬ್ಬೆರಳು ಚಾಚಿ ನಿಂತ ಹೆಂಗಸು ಕಣ್ಣಮುಂದೆ ಇದ್ದಳು. ಒತ್ತಂಗಿಲ್ಲ. ನೋಡ್ರಿ ಬೇಕಾದ್ರ. ಎಷ್ಟೊತ್ತಾದ್ರೂ ನೋಡ್ರಿ.

ಬರೆದಳು. ಹಸಿರು ಪಟ್ಟಿಯ ಸಹಿ, ಬೈಕಿನ ಇಬ್ಬರು, ಹೊಳೆಮ್ಮನ ಹೇಳಿಕೆ, ಹತ್ತಹತ್ತರ ಲೆಕ್ಕ, ಎಲ್ಲವನ್ನೂ. ಕೊನೆಗೆ ಹೊಸ ಸಾಲು ಹಿಡಿದಳು: 'ಸದರಿ ನಕಲಿ ಕಾಗದದ ಮೇಲಿರುವ ಹೆಬ್ಬೆಟ್ಟಿನ ಗುರುತು ವಡ್ಡು ಗ್ರಾಮದ ಬಸಕ್ಕನವರದೆಂದು ನಾನು ಗುರುತಿಸುತ್ತೇನೆ. ಆಕೆ ನನ್ನ ತಾಯಿ. ಆಕೆಯನ್ನು ವಂಚಿಸಿ ಈ ಗುರುತು ಪಡೆದಿದ್ದಾರೆಂಬುದು ನನ್ನ ನಂಬಿಕೆ. ಕಾವಲಿನ ಹೊಣೆ ನನ್ನದಾಗಿದ್ದರಿಂದ ನನ್ನನ್ನೂ ವಿಚಾರಣೆಗೆ ಒಳಪಡಿಸಬೇಕೆಂದು ಕೋರುತ್ತೇನೆ.'

ಕೆಳಗೆ ಸಹಿ ಮಾಡಿದಳು. ಯಾವಾಗಲೂ ಮಾಡುವ ಅವಸರದ ಗೀಚಲ್ಲ. ಅಕ್ಷರ ಅಕ್ಷರ ಬಿಡಿಸಿ, ದುಂಡಗೆ, ಪೂರ್ತಿ ಹೆಸರು.

ವಿಜಯಲಕ್ಷ್ಮೀ ವರದಿಯನ್ನು ಎರಡು ಸಲ ಓದಿದರು. ಎರಡನೇ ಸಲ ಮುಗಿಸಿ ಎದ್ದು ನಿಂತರು. ಅವರು ಯಾರ ಮುಂದೆಯೂ ಹಾಗೆ ಎದ್ದು ನಿಂತದ್ದನ್ನು ರೇಣುಕಾದೇವಿ ನೋಡಿರಲಿಲ್ಲ.

"ನಿಮ್ಮ ತಾಯಿಗೆ ಹೇಳಿದ್ದೀರಾ?"

"ಈಗ ಹೇಳ್ತೀನಿ ಮೇಡಂ. ಟಿವಿಯವರ ಬಾಯಿಂದ ಕೇಳೋದು ಬೇಡ."

"ನಾನು ಕೆಳಗೆ ಹೋಗುತ್ತೇನೆ. ತಲಾ ಹತ್ತು." ಅವರು ವರದಿಯನ್ನು ಎದೆಗೆ ಒತ್ತಿಕೊಂಡರು. "ಹಳೇ ಕ್ಯಾಂಪಿನವರ ಓಟು ಅವರು ಹಾಕಿದ ಹಾಗೇ ಎಣಿಕೆಯಾಗುತ್ತದೆ."

ನಾಲ್ಕು ಐವತ್ತು. ರೇಣುಕಾದೇವಿ ವರಾಂಡದ ಕಿಟಕಿಯ ಬಳಿ ನಿಂತು ಫೋನು ಹಚ್ಚಿದಳು. ಆ ಕಡೆ ರೊಟ್ಟಿ ಬಡಿಯುವ ಸದ್ದು. ಕಾರ್ಖಾನೆಯ ಸಂಜೆ ಪಾಳಿಯವರಿಗೆ ಬಸಕ್ಕ ದಿನಾ ಐವತ್ತು ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನಿನ್ನೆ ಯಾರಾದ್ರೂ ಮನಿಗೆ ಬಂದಿದ್ರಾ?"

"ನಿನಗ ಹೇಳಬ್ಯಾಡ ಅಂದಿದ್ರಲ್ಲ," ಎಂದಳು ಬಸಕ್ಕ. ದನಿಯಲ್ಲಿ ನಗು ಇತ್ತು. "ದೊಡ್ಡ ಕಾರಿನಾಗ ಬಂದಿದ್ರು. ನಿನಗ ಸರ್ಕಾರ ಪದಕ ಕೊಡ್ತದಂತ. ಹೆತ್ತವ್ವನ ಒಪ್ಪಿಗಿ ಬೇಕು ಅಂದ್ರು. ನನಗ ನಿಂತ ಕಾಲು ನಿಲ್ಲಲಿಲ್ಲ ನೋಡು. ಓಣಿ ಮಂದಿಗೆಲ್ಲಾ ಸಕ್ರಿ ಹಂಚೀನಿ."

ರೇಣುಕಾದೇವಿ ಕಿಟಕಿಯ ಸರಳು ಹಿಡಿದುಕೊಂಡಳು. "ಒಂದು ಕಾಗದಕ್ಕ ಒತ್ತಿಸ್ಕೊಂಡ್ರಾ?"

"ಒಂದ್ಯಾಕ? ಎರಡು."

ರೊಟ್ಟಿಯ ಸದ್ದು ನಿಂತಿತು.

"ಒಂದು ಸಣ್ಣದು, ಅದರಾಗ ಬ್ಯಾರೆಯವ್ರ ಸಹಿ ಇದ್ವು. ಇನ್ನೊಂದು ದೊಡ್ಡದು, ತುಂಬಾ ಬರೆದಿದ್ರು. ಅದರ ಮೂಲ್ಯಾಗ ನಿನ್ನ ಫೋಟೋ ಇತ್ತವ್ವ, ಟೊಪಿಗಿ ಹಾಕ್ಕೊಂಡು ನಿಂತಿದ್ದು. ಚಂದ ಕಾಣ್ತಿದ್ದಿ. ಅದಕ್ಕ ಅದರ ಮ್ಯಾಲ ಎರಡು ಸಲ ಒತ್ತೀನಿ, ಚಲೋ ಮೂಡ್ಲಿ ಅಂತ."

ಕೆಳಗೆ ಅಂಗಳದಲ್ಲಿ ವಿಜಯಲಕ್ಷ್ಮೀ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಬಿಳಿ ಅಂಗಿಯೊಂದು ಜನರನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿತು. ಹಾಲೇಶ್ ಅವರ ಕೈಗೆ ಒಂದು ದೊಡ್ಡ ಹಾಳೆ ಕೊಟ್ಟ. "ಗುದ್ದಲಿಯವ್ರ ಸಲುವಾಗಿ ಮಗಳೇ ಬೆರಳು ಒತ್ತಿಸಿದ್ಳು ಅಂತ ಅವರವ್ವ ಹೇಳಿಕಿ ಕೊಟ್ಟಾಳ್ರಿ," ಎಂದದ್ದು ಮೈಕಿನಲ್ಲಿ ಕೇಳಿತು. ಅವರು ಓದತೊಡಗಿದರು. ಓದುತ್ತ ಓದುತ್ತ ಮೈಕಿನಿಂದ ಹಿಂದೆ ಸರಿದರು.

ಮೊದಲ ಮಹಡಿಯಿಂದ ಅಕ್ಷರ ಕಾಣುತ್ತಿರಲಿಲ್ಲ. ಹಾಳೆಯ ಮೂಲೆಯಲ್ಲಿ ಅಂಟಿಸಿದ್ದ ಚಿಕ್ಕ ಫೋಟೋ ಕಾಣುತ್ತಿತ್ತು. ಕೆಳಗೆ, ಒಂದರ ಪಕ್ಕ ಒಂದು, ಎರಡು ನೇರಳೆ ಕಲೆಗಳು.

"ಯವ್ವಾ," ಎಂದಿತು ಫೋನಿನ ದನಿ. "ಪದಕ ಕೊಟ್ರೇನು?"